ಸಂಖ್ಯೆಯಿಲ್ಲದ ಶೀಶೆ

ಕುಂಬಾರಕೊಪ್ಪಲು, ಮೈಸೂರು
2001

ಲಿಂಗೈಕ್ಯಳಾದ ನನ್ನ ಪತ್ನಿ ಪ್ರೇಮಲೀಲೆಯ ಸಮಕ್ಷಮಕ್ಕೆ ಸದಾಶಿವಯ್ಯನು ಸಂತೋಷಪೂರ್ವಕವಾಗಿ ಅರಿಕೆ ಮಾಡುವುದೇನೆಂದರೆ:

ಇಂದು ಬೆಳಿಗ್ಗೆ ಪಕ್ಕದ ಮನೆಯ ಇಂದ್ರಮ್ಮನವರು ಮೊಮ್ಮಗಳು ತೇಜಸ್ವಿನಿಯನ್ನು ಕರೆತಂದು, ಅವಳ ಬೆರಳಿನ ನರಹುಲಿಗೆ ಮದ್ದು ಬೇಕೆಂದು, ನಿನ್ನ ಹೋಮಿಯೋಪತಿ ಪೆಟ್ಟಿಗೆಯನ್ನು ತಾವೇ ತೆರೆದರು. ಥೂಜಾ ಮೂವತ್ತು, ಥೂಜಾ ಇನ್ನೂರು ಎಂಬ ಶೀಶೆಗಳನ್ನು ಬದಿಗಿಟ್ಟು, ಥೂಜಾ ಕ್ಯೂ ಎಂಬುದನ್ನು ಆರಿಸಿ, ಮಗುವಿಗೆ ಬಾಯಿ ತೆರೆಯಲು ಹೇಳಿದರು.

“ಇದ್ಕೆ ನಂಬರೇ ಇಲ್ಲ ಕಣ್ರೀ ಅಯ್ನೋರೇ, ಪವರ್ ಕಮ್ಮಿ. ಮಗೀಗೆ ಇದೇ ವಾಸಿ.”

“ತಡೀರಿ ಇಂದ್ರಮ್ಮ! ನಂಬರ್ ಏರಿದಷ್ಟೂ ಮದ್ದನ್ನ ಹೆಚ್ಚು ಸಲ ತೆಳು ಮಾಡಿರ್ತಾರೆ. ಕ್ಯೂ ಅಂದ್ರೆ ತೆಳು ಮಾಡ್ದೇ ಇರೋ ಮೂಲ ಅರ್ಕ. ಪ್ರೇಮಲೀಲಾ ಅದನ್ನ ನರಹುಲಿ ಮೇಲೆ ಹಚ್ತಿದ್ಲೇ ಹೊರತು ಯಾರಿಗೂ ಕುಡಿಸ್ತಿರಲಿಲ್ಲ.”

“ನಂಬರ್ ಜಾಸ್ತಿ ಆದ್ರೆ ತೆಳ್ಳಗಾಯ್ತದಾ? ನೀವ್ಯಾವಾಗ ಡಾಕ್ಟ್ರಾದ್ರಿ?”

ನಾನು ವಾದಿಸದೆ ಮುಚ್ಚಳ ತೆಗೆದು, ಶೀಶೆಯನ್ನು ಅವರ ಮೂಗಿನ ಬಳಿ ಹಿಡಿದೆನು.

“ಅಯ್ಯಯ್ಯೋ, ಸಾರಾಯಿ ಘಾಟು! ಇದನ್ನ ಮಗೀಗೆ ಕುಡಿಸ್ಬುಡ್ತಿದ್ನಲ್ಲಾ!”

ಸದರಿ ವಿಷಯದಲ್ಲಿ ನನಗೆ ಸಂಪೂರ್ಣ ಜಯ ದೊರೆಯಿತು. ಅರ್ಕವನ್ನು ಹತ್ತಿಯಲ್ಲಿ ಅದ್ದಿ, ಮಗುವಿನ ಬೆರಳಿಗೆ ನಾನೇ ಹಚ್ಚಿದೆನು. ಇಂದ್ರಮ್ಮನವರು ಸೋಲೊಪ್ಪಿದರೂ ಸುಮ್ಮನಾಗಲಿಲ್ಲ.

“ಇದೆಲ್ಲಾ ಎಲ್ಲಿ ಕಲಿತ್ರಿ? ಪಾಪ, ಅವ್ರು ಹೇಳ್ಕೊಡೋಕ್ಕೆ ಬಂದಾಗೆಲ್ಲ ನೀವು ಪೇಪರ್‌ನಿಂದ ತಲೇನೇ ಎತ್ತುತಿರ್ಲಿಲ್ಲ.”

“ಕಣ್ಣು ಪೇಪರ್ ಮೇಲಿತ್ತು ಕಣಮ್ಮ, ಕಿವಿ ಅವಳ ಕಡೇನೇ ಇತ್ತು” ಎಂದು ಬೀಗಿ ನುಡಿದೆನು.

ಇಂದ್ರಮ್ಮನವರು ಈ ಮಾತನ್ನು ನಂಬಿದರು. ನೀನೂ ನಂಬಬೇಕಾಗಿ ಪ್ರಾರ್ಥನೆ.

ಇಂತಿ ನಿನ್ನ,
ಸದಾಶಿವಯ್ಯ