ಲೇಲೆಂಡ್‌ನ ಹೊಸ ಒಲೆ

ಮಾರ್ಚ್ ೬, ಗುರುವಾರ

ಪಕ್ಕದ ಮನೆಯ ಲೇಲೆಂಡ್‌ಗೆ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವ ಒಲೆಗೆ ಸರ್ಕಾರದ ಸಹಾಯಧನ ಮಂಜೂರಾಗಿದೆ. ನನ್ನ ಅರ್ಜಿ ತಿರಸ್ಕೃತ. ಮಂಜೂರಾತಿಗೆ ಮೊದಲೇ ಕೊಂಡ ಒಲೆಗೆ ಹಣ ಕೊಡುವುದಿಲ್ಲವಂತೆ. ನಿಯಮ ಎರಡನೇ ಪುಟದಲ್ಲೇ ಇತ್ತು. ನಾನು ಆತುರಪಟ್ಟು ಅಕ್ಟೋಬರಿನಲ್ಲೇ ಒಲೆ ತಂದು ಕೂರಿಸಿದ್ದೆ. ಆ ಸೋಮಾರಿ ಅರ್ಜಿ ಹಾಕಿ ಮಲಗಿದ್ದ, ಅವನಿಗೆ ಸಿಕ್ಕಿತು. ಹೊಟ್ಟೆ ಉರಿಯುತ್ತಿದೆ.

ಸಂಜೆ ಬಂದು ನನ್ನ ಒಲೆಯನ್ನು ಸುತ್ತಿ ನೋಡಿದ. "ನಾನೂ ಇಂಥದ್ದನ್ನೇ ತಗೋತೀನಿ ಕಣೋ. ನೀನು ಮೊದಲೇ ದುಡ್ಡು ಸುರಿದು ಪರೀಕ್ಷೆ ಮಾಡಿಟ್ಟಿದ್ದೀಯ. ಏನಾದ್ರೂ ಕಾಟ ಕೊಡುತ್ತಾ?"

"ಏನಿಲ್ಲ" ಎಂದೆ.

ಬಲ ಮೂಲೆಯಲ್ಲಿ ಪಾಕ ತಳ ಹಿಡಿಯುತ್ತದೆ. ಈ ವಾರ ಎರಡು ಸಲ ಸೀದಿದೆ. ನಾಳೆ ಅವನು ಒಲೆ ಕೊಳ್ಳುವ ಮೊದಲು ಫೋನ್ ಮಾಡಿ ಹೇಳಬೇಕು. ಆದರೆ ಅವನು ಏಳುವುದೇ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ನಾನು ಕಾಡಿನಲ್ಲಿರುತ್ತೇನೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ.