ಸೂಜಿ ಬಿಚ್ಚಿಟ್ಟ ಮಿಷನ್

ನವೆಂಬರ್ 14, ಶುಕ್ರವಾರ. ಗೌರಿಬಿದನೂರು

ಹೊಟ್ಟೆ ಉರಿ ಇನ್ನೂ ಆರಿಲ್ಲ.

ನಗರಗೆರೆಯ ವೆಂಕಟರತ್ನಮ್ಮನವರ ಅಟ್ಟದಲ್ಲಿ ಆ ಹಳೇ ಹೊಲಿಗೆ ಮಿಷನ್ ಇರೋದನ್ನ ಮೊದಲು ಪತ್ತೆ ಮಾಡಿದ್ದು ನಾನು. ಕಪ್ಪು ಮೈ ಮೇಲಿನ ಚಿನ್ನದ ಬಳ್ಳಿ ಒಂಚೂರೂ ಅಳಿಸಿಲ್ಲ. ನಾನು ಇಷ್ಟು ವರ್ಷ ಕೂಡಿಟ್ಟಿರೋ ಹಳೇ ಮಿಷನ್‌ಗಳಲ್ಲಿ ಅಂಥದ್ದು ಒಂದೂ ಇಲ್ಲ. ನಿನ್ನೆ ತರೋಕೆ ಹೋಗೋ ಹೊತ್ತಿಗೆ ಸಂಜೆಯಾಗಿತ್ತು.

"ದೀಪ ಹಚ್ಚಾಯ್ತಲ್ಲಪ್ಪ, ಈಗ ಸೂಜಿ ಆಚೆ ಕೊಡಬಾರ್ದು. ಬೆಳಿಗ್ಗೆ ಬಾ" ಅಂದ್ರು ಆಯಮ್ಮ. ಸರಿ ಅಂತ ಬಂದೆ.

ಬೆಳಿಗ್ಗೆ ಹೋದರೆ ಮಿಷನ್ ಇಲ್ಲ. ನಾನು ಹೊರಟ ಮೇಲೆ ನಮ್ಮ ಬೀದಿಯ ಚಲಪತಿ ಹೋಗಿದ್ದನಂತೆ. ಅವನಿಗೂ ಇದೇ ಹುಚ್ಚು. ಸೂಜಿ ಬಿಚ್ಚಿ ಆಯಮ್ಮನ ಕೈಗೇ ಕೊಟ್ಟು, ಮಿಷನ್ ಹೊತ್ಕೊಂಡು ಬಂದಿದ್ದಾನೆ. ಇಷ್ಟು ಸಣ್ಣದು ನನಗ್ಯಾಕೆ ಹೊಳೀಲಿಲ್ಲ?

ಮಧ್ಯಾಹ್ನವೆಲ್ಲಾ ಎಣ್ಣೆ ಹಾಕಿ ತಿರುಗಿಸ್ತಿದ್ದ. ಎಲ್ಲೂ ತಡೆಯದ ಆ ಟಿಕಟಿಕ ನಮ್ಮ ಜಗುಲಿವರೆಗೂ ಕೇಳಿಸ್ತಿತ್ತು.

ಕತ್ತಲಾದ ಮೇಲೆ ಬಾಗಿಲಿಗೆ ಬಂದ. "ಅಣ್ಣ, ಅದಕ್ಕೆ ಈಗಿನ ಸೂಜಿ ಕೂರ್ತಿಲ್ಲ. ನಿಮ್ಮ ಹತ್ರ ಹಳೇದು ಇದ್ಯಾ?"

ಡಬ್ಬಿ ತುಂಬ ಇದೆ.

"ದೀಪ ಹಚ್ಚಾಯ್ತು ಕಣಪ್ಪ, ಬೆಳಿಗ್ಗೆ ಬಾ" ಅಂದೆ.

ಬೆಳಿಗ್ಗೆ ಅವನು ಬರೋದ್ರೊಳಗೆ ಮೊದಲ ಬಸ್ಸಿಗೇ ಚಿಂತಾಮಣಿಗೆ ಹೋಗ್ಬಿಡ್ತೀನಿ.