ಹೊರಬೀಡು ನಿಲ್ಲಿಸಿದ ಅಧಿಕಾರಿಗೆ, ಒಳಗೆ ಉಳಿದವನಿಂದ

ಮಾನ್ಯ ತಾಲ್ಲೂಕು ಅಧಿಕಾರಿಗಳೇ,

ತಾವು ನಮ್ಮ ಊರಿನ ಹೊರಬೀಡನ್ನು ನಿಲ್ಲಿಸಿದಿರಿ, ನನಗೆ ಭಯವಾಗುತ್ತಿದೆ. ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ. ಕಚೇರಿಯಲ್ಲಿ ಅರ್ಜಿಯ ಮೊದಲ ಸಾಲು ದಾಟಿ ಓದುವ ಪದ್ಧತಿ ಇಲ್ಲವೆಂದು ಕೇಳಿದ್ದೇನೆ.

ಹೊರಬೀಡು ತಮ್ಮ ದೃಷ್ಟಿಯಲ್ಲಿ ಮೂಢನಂಬಿಕೆ. ಸೀಮೆಗೆ ಬೇನೆ ಬಂದಾಗ ಒಂದು ಮಂಗಳವಾರ ಊರವರೆಲ್ಲ ಒಲೆ ಆರಿಸಿ, ದನಕರುಗಳ ಸಮೇತ ಮನೆ ಬಿಟ್ಟು, ಹೊರಗಿನ ತೋಪಿನಲ್ಲಿ ಬೇಯಿಸಿ ಉಂಡು, ಸಂಜೆ ಮಾರಮ್ಮನಿಗೆ ಕೈಮುಗಿದು ಒಳಗೆ ಬರುತ್ತಾರೆ. ಈ ಸಲ ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಎಂದೊಡನೆ ತಾವು ಚಾವಡಿಯ ಗೋಡೆಗೆ ಆಜ್ಞೆ ಅಂಟಿಸಿದಿರಿ: ಗುಂಪು ಸೇರಕೂಡದು, ಸೂಜಿ ಚುಚ್ಚಿಸಿಕೊಳ್ಳಬೇಕು. ಚುಚ್ಚಿಸಿಕೊಂಡೆವು, ಒಳ್ಳೆಯದೇ ಆಯಿತು. ಕಾಯಿಲೆ ಬರುವುದು ಕೆಟ್ಟ ನೀರಿನಿಂದ, ಮಾರಮ್ಮನಿಂದಲ್ಲ ಎಂದು ನನಗೂ ಗೊತ್ತು. ನಾನು ಹಗಲು ದೊಡ್ಡಬಳ್ಳಾಪುರದ ನೂಲಿನ ಅಂಗಡಿಯಲ್ಲಿ ಗುಮಾಸ್ತ, ಸಂಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರದ ವಿದ್ಯಾರ್ಥಿ. ಆದರೆ ಹೊರಬೀಡಿನ ದಿನ ಊರು ಬಿಡುವ ಮುಂಚೆ ಏನು ನಡೆಯುತ್ತದೆ ಎಂದು ತಾವು ಯಾರನ್ನಾದರೂ ವಿಚಾರಿಸಿದಿರಾ?

ಬಾಗಿಲು ತಟ್ಟುವುದು ನಡೆಯುತ್ತದೆ. ಮುದುಕಿ ಮುನಿವೆಂಕಟಮ್ಮ ಬೇವಿನ ಕೋಲು ಹಿಡಿದು ಒಂದೂ ಬಿಡದೆ ಬಾಗಿಲು ತಟ್ಟುತ್ತಾಳೆ. ಏಳಲಾಗದವರನ್ನು ಹೊತ್ತು ತರಬೇಕು, ಒಬ್ಬರು ಒಳಗೆ ಉಳಿದರೂ ಬೀಡು ಕೆಟ್ಟಂತೆ. ಊರ ಹೊಲದಲ್ಲಿ ಎದ್ದ ನಮ್ಮ ಹೊಸ ಕಾಲೋನಿಗೂ ಹಿಂದಿನ ಸಲ ಅವಳು ಬಂದಳು. ನಾವೆಲ್ಲ ಗೊಣಗುತ್ತ ಹೊರಬಿದ್ದೆವು. ನನ್ನ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದವಳ ಹೆಸರು ಅನುಸೂಯಮ್ಮ ಎಂದು ತಿಳಿದದ್ದು ಆವತ್ತೇ, ತೋಪಿನಲ್ಲಿ ಅವಳು ನನ್ನ ಮುದ್ದೆಗೆ ಸಾರು ಬಿಟ್ಟಾಗ. ಇಬ್ಬರ ನಡುವೆ ಒಂದೇ ಗೋಡೆ, ಆಗಲೇ ಎಂಟು ತಿಂಗಳಾಗಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ. ಕಾಲೋನಿಯಲ್ಲಿ ಮನೆಮನೆಗೂ ನಲ್ಲಿ ಇದೆ ಸ್ವಾಮಿ, ಯಾರೂ ಎಲ್ಲಿಗೂ ಬರಬೇಕಾಗಿಲ್ಲ.

ಸಮಾಜಶಾಸ್ತ್ರಕ್ಕೆ ಅಡಿಪಾಯ ಹಾಕಿದವರ ಮಾತುಗಳನ್ನು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಜನ ದೇವರೆಂದು ಕೈಮುಗಿಯುವುದು ತಾವು ಒಟ್ಟಾಗಿರುವ ಬಲಕ್ಕೇ ಅಂತೆ. ಹಳೆಯ ಕಟ್ಟುಪಾಡು ಸಡಿಲವಾಗಿ ಹೊಸದು ಬೇರೂರದಿದ್ದರೆ ಮನುಷ್ಯ ದಿಕ್ಕು ತಪ್ಪುತ್ತಾನಂತೆ. ಪಟ್ಟಣದಲ್ಲಿ ದಿನಕ್ಕೆ ಸಾವಿರ ಮುಖ ನೋಡಿ ನೋಡಿ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಮರಗಟ್ಟುತ್ತದಂತೆ. ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ತಾವು ಒಂದು ಕಟ್ಟುಪಾಡು ಕಿತ್ತಿರಿ, ಸಂತೋಷ. ಆ ಜಾಗದಲ್ಲಿ ನೆಟ್ಟದ್ದೇನು? ಬಾಗಿಲು ತಟ್ಟುವುದಕ್ಕೆ ತಮ್ಮ ಇಲಾಖೆಯಲ್ಲಿ ಯಾವ ಹುದ್ದೆ ಇದೆ?

ಹೊರಬೀಡು ನಡೆಯಬೇಕಿದ್ದ ಮಂಗಳವಾರ ನಾನು ಪರೀಕ್ಷೆಗೆಂದು ರಜೆ ಹಾಕಿ ಓದುತ್ತಿದ್ದೆ. ಹನ್ನೊಂದರ ಹೊತ್ತಿಗೆ ಪಕ್ಕದ ಗೋಡೆಯಿಂದ ಸದ್ದು ಬಂತು. ಸ್ವಲ್ಪ ನಿಂತು ಮತ್ತೆ ಬಂತು. ಮೊಳೆ ಹೊಡೆಯುತ್ತಿದ್ದಾಳೆ ಎಂದುಕೊಂಡೆ. ಇಲ್ಲ, ಸುಳ್ಳು ಬರೆಯಬಾರದು, ಹಾಗೆಂದುಕೊಂಡರೆ ಏಳುವುದು ತಪ್ಪುತ್ತದೆ ಎಂದುಕೊಂಡೆ. ನಾನು ಆಗ ಓದುತ್ತಿದ್ದ ಪಾಠ ಪಟ್ಟಣದವರ ಉದಾಸೀನದ್ದೇ. ಕಿವಿಗೆ ಬೆರಳಿಟ್ಟುಕೊಂಡು ಅದನ್ನು ಮುಗಿಸಿದೆ.

ಶುಕ್ರವಾರ, ಅನುಸೂಯಮ್ಮ ರೇಷ್ಮೆ ಸುತ್ತುವ ಮಿಲ್ಲಿನ ಮೇಸ್ತ್ರಿ ಜವರಪ್ಪ ಅವಳನ್ನು ಹುಡುಕಿಕೊಂಡು ಬಂದ. ಚಿಲಕ ಒಡೆದೆವು. ಸೂಜಿಯವರು ಬಂದ ದಿನ ಅವಳು ಪಾಳಿಗೆ ಹೋಗಿದ್ದಳಂತೆ. ವಾಂತಿಭೇದಿಯಲ್ಲಿ ನಿತ್ರಾಣವಾಗಿ ನನ್ನ ಗೋಡೆಗೇ ಒರಗಿ ಸತ್ತಿದ್ದಳು. ಗೋಡೆಗೆ ಬಡಿದ ಹಿತ್ತಾಳೆ ಲೋಟ ಪಕ್ಕದಲ್ಲಿ ಬಿದ್ದಿತ್ತು, ಅದರಲ್ಲಿ ನೀರಿರಲಿಲ್ಲ.

ಹೆಣ ಎತ್ತುವಾಗ ಮುನಿವೆಂಕಟಮ್ಮ ಕೇಳಿದಳು: "ಪಕ್ಕದಲ್ಲೇ ಇದ್ಯಲ್ಲಪ್ಪಾ, ಏನೂ ಕೇಳಿಸ್ಲಿಲ್ವಾ?"

"ಇಲ್ಲ ಕಣಮ್ಮ."

ಅವಳು ನಂಬಿದಳು. "ಮಂಗಳವಾರ ನಾನು ಬಂದಿರ್ತಿದ್ದೆ. ಸರ್ಕಾರದೋರು ಬ್ಯಾಡ ಅಂದ್ಬಿಟ್ರು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ತಮ್ಮ ತಪ್ಪನ್ನು ಎತ್ತಿ ಆಡುವ ಮೊದಲು ನನ್ನದನ್ನು, ಆ ಸುಳ್ಳನ್ನೂ ಸೇರಿಸಿ, ಆಮೇಲೆ ಊರೆದುರು ಒಪ್ಪಿಕೊಂಡಿದ್ದೇನೆ. ಪರೀಕ್ಷೆಯಲ್ಲಿ ಉದಾಸೀನದ ಆ ಪಾಠದ ಮೇಲೇ ಪ್ರಶ್ನೆ ಬಂತು, ನಾಲ್ಕು ಪುಟ ಬರೆದೆ. ತರಗತಿಗೇ ಹೆಚ್ಚು ಅಂಕ ನನಗೆ.

ಆ ಮನೆಗೆ ಈಗ ಹೊಸ ಸಂಸಾರ ಬಂದಿದೆ. ಅವರು ನನ್ನ ಹೆಸರು ಕೇಳಿಲ್ಲ, ನಾನೂ ಹೇಳಿಲ್ಲ. ಹೋದ ವಾರ ಎರಡು ದಿನ ಜ್ವರದಲ್ಲಿ ಮಲಗಿದ್ದೆ. ಬಾಯಾರಿಕೆಯೇನೂ ಇರಲಿಲ್ಲ. ಪರೀಕ್ಷಿಸೋಣ ಎಂದು ಲೋಟ ತೆಗೆದುಕೊಂಡು ಗೋಡೆಗೆ ಬಡಿದೆ. ಸ್ವಲ್ಪ ನಿಂತು ಮತ್ತೆ ಬಡಿದೆ. ಆ ಕಡೆ ರೇಡಿಯೋ ಜೋರಾಯಿತು.

ನನ್ನ ಬೇಡಿಕೆ ಸಣ್ಣದು. ಗುಂಪು ಸೇರುವುದು ಅಪಾಯವಾದರೆ ತೋಪಿನ ಊಟ ಬೇಡ, ಪೂಜೆಯೂ ಬೇಡ. ಬಾಗಿಲು ತಟ್ಟುವುದಕ್ಕೆ ಮಾತ್ರ ಅಪ್ಪಣೆ ಕೊಡಿ, ಕಾಲೋನಿಯನ್ನೂ ಸೇರಿಸಿ ಕೊಡಿ. ಮುನಿವೆಂಕಟಮ್ಮನಿಗೆ ವಯಸ್ಸಾಗಿದೆ, ತಡಮಾಡಬೇಡಿ. ಅವಳು ಬಂದಾಗ ನನ್ನ ಬಾಗಿಲು ಒಡೆಯಬೇಕಾಗಿಲ್ಲ.

ಇಂತಿ,
ಚಿಲಕ ಹಾಕುವುದನ್ನು ಬಿಟ್ಟಿರುವ,
ಗೋಡೆಯ ಈಚೆ ಬದಿಯ
ವೆಂಕಟರಮಣಪ್ಪ